ರೈಲಿಲ್ಲದ ಊರಿನಿಂದ ಬಂದ ಬಸ್ಸು

ನಾನು ರೈಲ್ವೆಗೆ ಸೇರಿದ್ದು ಮೂಡಿಗೆರೆಯ ನಮ್ಮ ಕಡೆಯವರಿಗೆಲ್ಲ ಒಂದು ತಮಾಷೆಯ ವಿಷಯವಾಗಿತ್ತು. ನಮ್ಮ ತಾಲ್ಲೂಕಿನಲ್ಲಿ ಹಳಿ ಎನ್ನುವುದೇ ಇರಲಿಲ್ಲ. ಚಿಕ್ಕಮಗಳೂರಿಗೆ ರೈಲು ಬರುತ್ತದೆ ಎಂಬ ಮಾತು ಪ್ರತಿ ಚುನಾವಣೆಯಲ್ಲೂ ಬರುತ್ತಿತ್ತು, ಓಟು ಮುಗಿದ ಮೇಲೆ ಹೋಗುತ್ತಿತ್ತು. ಅಂಥ ಊರಿನ ಕಾಫಿ ಬೆಳೆಗಾರರ ಮಗಳು ಕಡೂರು ಸ್ಟೇಷನ್ನಿನ ಕಿಟಕಿಯ ಹಿಂದೆ ಕೂತು ಟಿಕೆಟ್ ಕೊಡುತ್ತಾಳೆ ಎಂದರೆ ನಮ್ಮೂರು ಜಾವಳಿಯಲ್ಲಿ ಯಾರಿಗೂ ಸರಿಯಾಗಿ ಅರ್ಥವಾಗುತ್ತಿರಲಿಲ್ಲ. ರಜೆಗೆ ಮನೆಗೆ ಹೋದಾಗಲೆಲ್ಲ ಯಾರಾದರೂ ಒಬ್ಬರು, "ಎಂತ ಮಾರಾಯ್ತಿ, ರೈಲು ತಂದ್ಯಾ?" ಎಂದು ಕೇಳಿಯೇ ಕೇಳುತ್ತಿದ್ದರು.

ಕಡೂರಿನಲ್ಲಿ ಹೆಂಗಸರಿಗೆ ವಿಶ್ರಾಂತಿ ಕೋಣೆ ಬೇಕೆಂದು ಓಡಾಡಿದ್ದರಿಂದ ನಾನು ಯೂನಿಯನ್ನಿನ ಮಹಿಳಾ ಸಮಿತಿಗೆ ಬಂದೆ. ಕೋಣೆ ಸಿಕ್ಕಿತು, ಅದಕ್ಕೆ ಚಿಲಕವೂ ಬಂತು, ಸಮಿತಿ ಮಾತ್ರ ನನ್ನನ್ನು ಬಿಡಲಿಲ್ಲ. ತೊಂಬತ್ತರ ದಶಕದ ಕೊನೆಯ ಒಂದು ಜನವರಿಯಲ್ಲಿ ಬೆಂಗಳೂರಿನಲ್ಲಿ ಹಲವು ದೇಶಗಳ ರೈಲ್ವೆ ಕೆಲಸಗಾರರ ಸಭೆ ನಡೆದಾಗ ನಮ್ಮ ಶಾಖೆಯಿಂದ ನನ್ನನ್ನು ಕಳಿಸಿದರು. ಬೇರೆ ದೇಶಗಳಲ್ಲಿ ಸರ್ಕಾರದ ರೈಲನ್ನು ಬಿಡಿ ಬಿಡಿ ಮಾಡಿ ಕಂಪನಿಗಳಿಗೆ ಕೊಟ್ಟಾಗಿತ್ತು. ನಮ್ಮಲ್ಲೂ ಹಾಗೆ ಆಗಬೇಕೆಂಬ ಮಾತು ಪೇಪರಿನಲ್ಲಿ ಬರಲು ಶುರುವಾಗಿತ್ತು. ಒಂದೊಂದು ದೇಶದವರು ಒಬ್ಬೊಬ್ಬರೇ ನಿಂತು ಜಗಳವಾಡಿದರೆ ಆಗುವುದಿಲ್ಲ, ಎಲ್ಲರೂ ಒಂದೇ ದಿನ ತಂತಮ್ಮ ಸ್ಟೇಷನ್ನುಗಳ ಮುಂದೆ ಸೇರಬೇಕು ಎಂದು ಆ ಸಭೆಯಲ್ಲಿ ತೀರ್ಮಾನವಾಯಿತು.

ಸಭೆ ಮುಗಿದ ಮೇಲೆ ಇಬ್ಬರು ಅತಿಥಿಗಳಿಗೆ ವಿಮಾನಕ್ಕೆ ಎರಡು ಮೂರು ದಿನ ಕಾಯುವುದಿತ್ತು. "ನಿಮ್ಮೂರು ಕಾಫಿ ಸೀಮೆ ಅಲ್ವಾ, ಕರ್ಕೊಂಡು ಹೋಗಿ ತೋರಿಸಿ ಬನ್ನಿ" ಎಂದು ನಮ್ಮ ಶಾಖೆಯ ಕಾರ್ಯದರ್ಶಿ ನನ್ನ ಕೈಗೆ ಅವರನ್ನು ಒಪ್ಪಿಸಿಬಿಟ್ಟರು.

ಒಬ್ಬರು ಇಂಗ್ಲೆಂಡಿನ ರೈಲಿನಲ್ಲಿ ಗಾರ್ಡ್ ಆಗಿದ್ದ ಹೆಂಗಸು. ಐವತ್ತು ದಾಟಿದ, ದೊಡ್ಡ ದನಿಯ, ನಗದೆ ಮಾತೇ ಆಡದ ಹೆಂಗಸು. ಇನ್ನೊಬ್ಬರು ಜಪಾನಿನವರು. ಸಣಕಲು ಮೈ, ಮೆಲು ಮಾತು. ಅಲ್ಲಿ ರೈಲನ್ನು ಕಂಪನಿಗಳಿಗೆ ಹಂಚಿದಾಗ ಇವರನ್ನೂ ಸೇರಿಸಿ ಇವರ ಯೂನಿಯನ್ನಿನ ಬಹಳ ಜನರನ್ನು ಹೊಸ ಕಂಪನಿಗಳು ಸೇರಿಸಿಕೊಂಡಿರಲಿಲ್ಲ. ಹತ್ತು ವರ್ಷಕ್ಕೂ ಮೇಲಾಗಿತ್ತು. ಜೊತೆಗಾರರೆಲ್ಲ ಸೇರಿ ಒಣಗಿಸಿದ ಮೀನು, ಕಡಲ ಸೊಪ್ಪು ಮಾರಿಕೊಂಡು, ನಮ್ಮ ಕೆಲಸ ನಮಗೆ ಕೊಡಿ ಎಂದು ಇನ್ನೂ ಕೇಳುತ್ತಿದ್ದರು. ಅದನ್ನು ಅವರು ನೆರೆಮನೆಯ ಸುದ್ದಿ ಹೇಳುವಷ್ಟು ಸಮಾಧಾನದಿಂದ ಹೇಳಿದರು.

ಕಡೂರಿನವರೆಗೆ ರೈಲಿನಲ್ಲಿ ಬಂದೆವು. ಆಗಲೇ ನನಗೊಂದು ತೊಂದರೆ ಗೊತ್ತಾಯಿತು. ಇಂಗ್ಲೆಂಡಿನವರ ಇಂಗ್ಲಿಷ್ ನನಗೆ ಒಂದು ಚೂರೂ ತಿಳಿಯುತ್ತಿರಲಿಲ್ಲ. ಚಿಕ್ಕಮಗಳೂರಿನ ಕಾಲೇಜಿನಲ್ಲಿ ನಾನು ಕಲಿತ ಇಂಗ್ಲಿಷಿಗೂ ಅದಕ್ಕೂ ನೆಂಟಸ್ತಿಕೆಯೇ ಇದ್ದಂತಿರಲಿಲ್ಲ. ಅರ್ಧ ಅಕ್ಷರಗಳನ್ನು ಅವರು ನುಂಗಿಯೇ ಬಿಡುತ್ತಿದ್ದರು. ಜಪಾನಿನವರು ಮಾತ್ರ ಒಂದೊಂದೇ ಪದವನ್ನು ಹುಡುಕಿ, ಒರೆಸಿ, ಎದುರಿಗೆ ಇಡುವ ಹಾಗೆ ಆಡುತ್ತಿದ್ದರು. ಅದು ನನಗೆ ಚೆನ್ನಾಗಿ ತಿಳಿಯುತ್ತಿತ್ತು. ಇಬ್ಬರೂ ಹಿಂದೆಯೂ ಇಂಥ ಸಭೆಗಳಲ್ಲಿ ಜೊತೆಯಾಗಿದ್ದರಿಂದ ಅವರಿಗೆ ಈಕೆಯ ಮಾತು ರೂಢಿಯಾಗಿತ್ತು. ಹಾಗಾಗಿ ಆಕೆ ಇಂಗ್ಲಿಷಿನಲ್ಲಿ ಹೇಳಿದ್ದನ್ನು ಅವರು ನನಗೆ ಇಂಗ್ಲಿಷಿಗೇ ಅನುವಾದ ಮಾಡಿ ಹೇಳುವುದು, ನಾನು ಅದನ್ನು ಕನ್ನಡಕ್ಕೆ ತರುವುದು ಎಂದಾಯಿತು. ಇದನ್ನು ಕಂಡು ಬೋಗಿಯಲ್ಲಿದ್ದ ಅರಸೀಕೆರೆಯ ಯಜಮಾನರೊಬ್ಬರು ಇಳಿಯುವ ತನಕ ನಗುತ್ತಲೇ ಇದ್ದರು.

ಚಿಕ್ಕಮಗಳೂರಿನಿಂದ ಮೂಡಿಗೆರೆಗೆ ಖಾಸಗಿ ಬಸ್ಸು. ನಮ್ಮ ಕಡೆ ಆಗ ಓಡಾಟವೆಲ್ಲ ಹೆಚ್ಚಾಗಿ ಖಾಸಗಿ ಬಸ್ಸುಗಳದೇ. ಆ ಬಸ್ಸಿನ ಕಂಡಕ್ಟರ್ ಮೂಡಿಗೆರೆಯ ಮುಸ್ಲಿಂ ಮನೆತನದವನು. ನನಗಿಂತ ಒಂದೆರಡು ವರ್ಷ ಚಿಕ್ಕವನು, ಮೊದಲಿನಿಂದ ಪರಿಚಯ. ಬಾಗಿಲಿಗೆ ಒರಗಿ ನಿಂತು, ಬಾಯಲ್ಲಿ ಸೀಟಿ ಕಚ್ಚಿಕೊಂಡು, ಒಂದು ಕೈಯಲ್ಲಿ ಔಷಧಿ ಚೀಟಿ, ಇನ್ನೊಂದರಲ್ಲಿ ಯಾರದೋ ಟಿಫಿನ್ ಕ್ಯಾರಿಯರ್ ಹಿಡಿದು, ಆಲ್ದೂರು ದಾಟುವಷ್ಟರಲ್ಲಿ ಅವನು ಅರ್ಧ ದಾರಿಯ ಸಂಸಾರಗಳ ಕೆಲಸ ಮಾಡಿ ಮುಗಿಸಿದ್ದ. ಒಂದು ಎಸ್ಟೇಟಿನ ಗೇಟಿನ ಮುಂದೆ ಬಸ್ಸು ನಿಲ್ಲಿಸಿ, ಮುದುಕಿಯೊಬ್ಬಳು ಒಳಗಿಂದ ನಡೆದು ಬರುವವರೆಗೆ ಕಾದ.

ಇಂಗ್ಲೆಂಡಿನ ಗಾರ್ಡಮ್ಮನಿಗೆ ಅವನಿಂದ ಕಣ್ಣು ಕೀಳಲು ಆಗಲಿಲ್ಲ. ಚೀಲದಿಂದ ತಮ್ಮದೇ ಸೀಟಿ ತೆಗೆದು ತೋರಿಸಿದರು. ಆಮೇಲೆ ಏನೋ ಉದ್ದಕ್ಕೆ ಹೇಳಿದರು. ಜಪಾನಿನವರ ಮೂಲಕ ಬಂದದ್ದು ಇಷ್ಟು: ನಮ್ಮಲ್ಲಿ ಕೆಲವು ಕಡೆ ಕಂಪನಿಗಳು ಗಾರ್ಡ್ ಬೇಡ ಎನ್ನುತ್ತಿವೆ, ಬಾಗಿಲು ಹಾಕುವುದನ್ನೂ ಡ್ರೈವರೇ ಮಾಡಲಿ ಎನ್ನುತ್ತಿವೆ.

ಕಂಡಕ್ಟರ್ ಸೀಟಿಯನ್ನು ಬಾಯಿಂದ ತೆಗೆದ. "ಗಾರ್ಡ್ ಇಲ್ದೆ ರೈಲಾ? ನಾನಿಲ್ದೆ ಈ ಬಸ್ ಹೋಗ್ತದಾ ಕೇಳಿ ಅಕ್ಕ. ಆ ಅಜ್ಜಿನ ಯಾರು ಹತ್ತಿಸ್ತಾರೆ?"

ನಾನು ಹೇಳಿದೆ, ಜಪಾನಿನವರು ಹೇಳಿದರು. ಗಾರ್ಡಮ್ಮ ಎದ್ದು ನಿಂತು ಅವನ ಕೈ ಕುಲುಕಿದರು. ಬಸ್ಸು ಆ ಹೊತ್ತಿಗೆ ತಿರುವಿನಲ್ಲಿತ್ತು. ಅವರು ಆಯ ತಪ್ಪಿ ಹೋಗಿ ಯಾರದೋ ಬಾಳೆಗೊನೆಯ ಮೇಲೆ ಕೂತರು. ಗೊನೆಯ ಯಜಮಾನ, "ಪರವಾಗಿಲ್ಲ, ಕೂತ್ಕೊಳ್ಳಲಿ ಬಿಡಿ" ಎಂದ.

ಇಳಿಯುವಾಗ ಕಂಡಕ್ಟರ್, "ನಾಳೆ ಮಧ್ಯಾಹ್ನ ಬಸ್ ಸ್ಟ್ಯಾಂಡ್ ಹಿಂದಿನ ಗ್ಯಾರೇಜಿಗೆ ಇವ್ರನ್ನ ಕರ್ಕೊಂಡು ಬನ್ನಿ ಅಕ್ಕ. ನಮ್ಮ ಹುಡುಗ್ರೂ ಕೇಳಲಿ" ಎಂದ.

ಮನೆಯಲ್ಲಿ ಕೊಯ್ಲಿನ ಗಡಿಬಿಡಿ. ಕಣದಲ್ಲಿ ಕಾಫಿ ಹರವಿತ್ತು. ಅಪ್ಪಯ್ಯ ಅತಿಥಿಗಳಿಗೆ ತೋಟ ತೋರಿಸಿ, ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ತೋರಿಸಿ, ಹೊಸದಾಗಿ ಕೊಂಡ ಜೀಪು ತೋರಿಸಿದರು. ಆಮೇಲೆ ಅಮ್ಮ ಕಾಫಿ ತಂದಾಗ ಗಾರ್ಡಮ್ಮ ಬಹಳ ಸಂಕೋಚದಿಂದ, ಚಹಾ ಸಿಗಬಹುದೇ ಎಂದರು. ನಮ್ಮ ಮನೆಯಲ್ಲಿ ಚಹಾಪುಡಿ ಇಟ್ಟುಕೊಂಡ ನೆನಪು ಯಾರಿಗೂ ಇರಲಿಲ್ಲ. ಕೊನೆಗೆ ಕೆಲಸದವರ ಲೈನ್ ಮನೆಯಿಂದ ಬಂತು. ದಿನವಿಡೀ ಕಾಫಿ ಹಣ್ಣು ಕೊಯ್ಯುವವರು ಮನೆಯಲ್ಲಿ ಚಹಾ ಕುಡಿಯುತ್ತಾರೆ ಎನ್ನುವುದು ಅಪ್ಪಯ್ಯನಿಗೆ ಅಂದು ಗೊತ್ತಾಯಿತು. ಜಪಾನಿನವರು ಅಮ್ಮನಿಗೆ ಒಂದು ಪೊಟ್ಟಣ ಕಡಲ ಸೊಪ್ಪು ಕೊಟ್ಟರು. ಅಮ್ಮ ಅದನ್ನು ನೆನೆಸಿ, ಹೆಚ್ಚಿ, ತೆಂಗಿನಕಾಯಿ ಹಾಕಿ ಒಗ್ಗರಣೆ ಕೊಟ್ಟರು. ಕಡುಬಿನ ಜೊತೆ ಅದರ ಮೊದಲ ತುತ್ತನ್ನು ಜಪಾನಿನವರು ಬಹಳ ನಿಧಾನವಾಗಿ ಅಗಿದರು. ಆಮೇಲೆ ಇನ್ನೊಮ್ಮೆ ಬಡಿಸಿಕೊಂಡರು.

ಊಟವಾದ ಮೇಲೆ ಅಪ್ಪಯ್ಯ ನನ್ನನ್ನು ಕೇಳಿದರು. "ಇವ್ರು ಬಂದಿದ್ದು ಎಂತಕ್ಕೆ?"

"ರೈಲನ್ನ ಪ್ರೈವೇಟಿನವ್ರಿಗೆ ಕೊಡಬಾರ್ದು ಅಂತ ಎಲ್ಲ ದೇಶದವ್ರೂ ಸೇರ್ತಿದ್ದೇವೆ ಅಪ್ಪಯ್ಯ."

"ಕೊಟ್ರೆ ಎಂತ ಆಗ್ತದೆ?" ಎಂದರು ಅಪ್ಪಯ್ಯ.

ಅವರು ಹಾಗೆ ಕೇಳುವುದಕ್ಕೆ ಕಾರಣವಿತ್ತು. ಕೆಲವೇ ವರ್ಷಗಳ ಹಿಂದಿನವರೆಗೂ ಬೆಳೆದ ಕಾಫಿಯನ್ನೆಲ್ಲ ಸರ್ಕಾರ ಎಲ್ಲರ ಬೆಳೆ ಒಟ್ಟುಮಾಡಿ ಮಾರುತ್ತಿದ್ದ ಪೂಲಿಗೇ ಕೊಡಬೇಕಿತ್ತು. ಈಗ ಯಾರಿಗೆ ಬೇಕಾದರೂ ಮಾರಬಹುದಿತ್ತು. ಬೆಲೆಯೂ ಏರಿ ನಮ್ಮ ಕಡೆ ಮನೆಮನೆಗೆ ಬಣ್ಣ ಬಂದಿತ್ತು. ಮುಕ್ತ ಮಾರುಕಟ್ಟೆ ಎಂದರೆ ಅಪ್ಪಯ್ಯನಿಗೆ ಅಂಗಳದಲ್ಲಿ ನಿಂತ ಜೀಪು.

ಮರುದಿನ ಅವರೂ ನಮ್ಮ ಜೊತೆ ಗ್ಯಾರೇಜಿಗೆ ಹೊರಟರು. "ನಾನೂ ಒಂದು ಮಾತು ಕೇಳ್ತೇನೆ" ಎಂದರು.

ಗ್ಯಾರೇಜಿನಲ್ಲಿ ಕಂಡಕ್ಟರ್ ಮಾಡಿದ ಏರ್ಪಾಡು ನೋಡಿ ನನಗೇ ಗಾಬರಿಯಾಯಿತು. ಡ್ರೈವರುಗಳು, ಕಂಡಕ್ಟರುಗಳು, ಬಸ್ ಏಜೆಂಟರು, ಎಸ್ಟೇಟುಗಳಿಗೆ ಜೀಪು ಓಡಿಸುವವರು, ಪೇಟೆಗೆ ಬಂದಿದ್ದ, ಎಸ್ಟೇಟುಗಳ ಲೆಕ್ಕ ಬರೆಯುವ ಒಂದಿಬ್ಬರು ರೈಟರುಗಳು. ಗುಂಡಿಯ ಮೇಲೆ ನಿಂತ ಬಸ್ಸಿನ ಕೆಳಗಿನಿಂದ ಮೆಕ್ಯಾನಿಕ್ ಕೂಡ ತಲೆ ಹೊರಗೆ ಹಾಕಿ ಕೇಳುತ್ತಿದ್ದ. ಟೈರುಗಳೇ ಕುರ್ಚಿಗಳು. ನಾನು ಎದ್ದು ನಿಂತು ಖಾಸಗೀಕರಣ ಎಂದರೆ ಏನು ಎಂದು ಶುರು ಮಾಡಿದೆ. ಎರಡು ಮಾತು ಆಡುವಷ್ಟರಲ್ಲಿ ಹಿಂದಿನಿಂದ ಒಬ್ಬ ಡ್ರೈವರ್, "ನಮ್ದು ಖಾಸಗಿ ಬಸ್ಸೇ ಅಲ್ವಾ ಮೇಡಂ? ನಮ್ಮನ್ನ ಬೈಯ್ಲಿಕ್ಕೆ ಕರೆದ್ರಾ?" ಎಂದ. ಎಲ್ಲರೂ ನಕ್ಕರು.

ಇನ್ನೊಬ್ಬ ಹೇಳಿದ. "ನಮ್ಗೆ ರೈಲೇ ಇಲ್ಲ. ಉಳಿಸೋದು ಯಾವ್ದನ್ನ?"

ಆಗ ಅಪ್ಪಯ್ಯ ಎದ್ದರು.

"ನಾನು ಹೇಳುದು ಇಷ್ಟೆ. ನಮ್ಮ ಕಾಫಿ ಸರ್ಕಾರದ ಕೈಲಿ ಇರುವಾಗ ನಾವು ದುಡ್ಡಿಗೆ ಕಂತು ಕಂತು ಕಾಯ್ಬೇಕಿತ್ತು. ಈಗ ವ್ಯಾಪಾರದವ್ರು ಗೇಟಿಗೇ ಬಂದು ತಗೊಂಡು ಹೋಗ್ತಾರೆ. ಬಸ್ಸೂ ಗೇಟಿಗೇ ಬರ್ತದೆ. ರೈಲೂ ಹಾಗೆ ಬಂದ್ರೆ ನಿಮ್ಗೆ ಎಂತ ಕಷ್ಟ?"

ನನ್ನ ಸ್ವಂತ ತಂದೆ ನನ್ನ ಯೂನಿಯನ್ನಿಗೆ ಎದುರಾಗಿ ಆಡಿದ ಮಾತನ್ನು ನಾನೇ ಇಂಗ್ಲಿಷಿಗೆ ತಿರುಗಿಸಬೇಕಾಯಿತು. ನಾಲ್ಕು ಮಾತಿಗೆ ಒಂದು ಮಾತು ಬಿಟ್ಟುಬಿಡೋಣ ಎಂಬ ಯೋಚನೆ ಬಂದದ್ದು ನಿಜ. ಆದರೆ ರೈಟರುಗಳಿಗೆ ಇಂಗ್ಲಿಷ್ ಬರುತ್ತಿತ್ತು. ಎಲ್ಲವನ್ನೂ ಹೇಳಿದೆ.

ಜಪಾನಿನವರು ಅಪ್ಪಯ್ಯನಿಗೆ ತಲೆ ಬಾಗಿಸಿ, ಒಳ್ಳೆಯ ಪ್ರಶ್ನೆ ಎಂದರು. ಅವರ ಊರು ಜಪಾನಿನ ಉತ್ತರದ ಕಡೆ, ಚಳಿಗಾಲದಲ್ಲಿ ಹಿಮ ಬೀಳುವ ಜಾಗ. ಗುಡ್ಡದ ನಡುವೆ ಸಣ್ಣ ಸಣ್ಣ ಊರುಗಳಿಗೆ ಹೋಗುವ ರೈಲಿನಲ್ಲಿ ಅವರು ಕೆಲಸ ಮಾಡುತ್ತಿದ್ದರು. ದೊಡ್ಡ ಪಟ್ಟಣಗಳ ನಡುವೆ ಓಡುವ ರೈಲುಗಳು ಈಗ ಬಹಳ ಚೆನ್ನಾಗಿವೆ, ಅದನ್ನು ಇಲ್ಲ ಎನ್ನಲಾರೆ ಎಂದರು. ಆದರೆ ತಮ್ಮ ಆ ಗುಡ್ಡದ ರೈಲಿಗೆ ಜನ ಕಡಿಮೆ ಎಂದು ಅದನ್ನು ನಿಲ್ಲಿಸಿದರು. ಹೈಸ್ಕೂಲಿಗೆ ಹೋಗುವ ಮಕ್ಕಳು, ಆಸ್ಪತ್ರೆಗೆ ಹೋಗುವ ಮುದುಕರು, ಇವರಷ್ಟೇ ಅದರಲ್ಲಿ ಇದ್ದವರು. ಇಷ್ಟು ಹೇಳಿ ಕಂಡಕ್ಟರ್ ಕಡೆ ತಿರುಗಿ ಒಂದು ಪ್ರಶ್ನೆ ಕೇಳಿದರು. ನಿಮ್ಮಲ್ಲಿ ಜನ ತೀರಾ ಕಡಿಮೆ ಇರುವ ದಾರಿಗೆ ಬಸ್ಸು ಹೋಗುತ್ತದೆಯೇ?

ಕಂಡಕ್ಟರ್ ತಲೆ ಕೆರೆದುಕೊಂಡ. "ದೇವರಮನೆ ಗುಡ್ಡದ ಕಡೆ ಮಳೆಗಾಲದಲ್ಲಿ ನಿಲ್ಲಿಸ್ತೇವೆ. ಕಲೆಕ್ಷನ್ ಆಗುದಿಲ್ಲ ಅಂತಾರೆ ಧಣಿಗಳು."

"ಆಗ ಜನ ಎಂತ ಮಾಡ್ತಾರೆ?" ಎಂದು ನಾನೇ ಕೇಳಿದೆ.

"ನಡೀತಾರೆ" ಎಂದ ಜೀಪಿನವನೊಬ್ಬ. "ಇಲ್ಲಾಂದ್ರೆ ನಮ್ಮ ಜೀಪು. ನಾವು ರೇಟ್ ಸ್ವಲ್ಪ ಜಾಸ್ತಿ ಮಾಡ್ತೇವೆ ಅನ್ನಿ."

"ಸ್ವಲ್ಪನಾ?" ಎಂದು ನಾಲ್ಕು ಕಡೆಯಿಂದ ಕೇಳಿದರು. ಅಲ್ಲಿಂದ ಸಭೆ ನನ್ನ ಕೈಲಿ ಉಳಿಯಲಿಲ್ಲ. ಜೀಪಿನವರೂ ಬಸ್ಸಿನವರೂ ಅಪ್ಪಯ್ಯನೂ ರೈಟರುಗಳೂ ಒಟ್ಟಿಗೇ ಮಾತಾಡತೊಡಗಿದರು. ಸರ್ಕಾರದ ಬಸ್ಸು ಗೇಟಿಗೆ ನಿಲ್ಲುವುದಿಲ್ಲ ಎಂದು ಒಬ್ಬ, ನಿಲ್ಲದಿದ್ದರೂ ಬರುತ್ತದಲ್ಲ ಎಂದು ಇನ್ನೊಬ್ಬ. ಗಾರ್ಡಮ್ಮ ಅನುವಾದಕ್ಕೂ ಕಾಯದೆ, ಯಾರು ಕೈ ಎತ್ತಿದರೂ ಅವರ ಕಡೆ ತಲೆಯಾಡಿಸುತ್ತಿದ್ದರು. ಕೊನೆಗೆ ಗಲಾಟೆ ಮಿತಿ ಮೀರಿದಾಗ ಸೀಟಿ ತೆಗೆದು ಜೋರಾಗಿ ಊದಿದರು. ಹೊರಗೆ ಸ್ಟ್ಯಾಂಡಿನಲ್ಲಿ ನಿಂತಿದ್ದ ಕಳಸಕ್ಕೆ ಹೋಗುವ ಬಸ್ಸು ಅದನ್ನು ತನ್ನ ಕಂಡಕ್ಟರನದೇ ಸೀಟಿ ಎಂದುಕೊಂಡು ಹೊರಟೇಬಿಟ್ಟಿತು. ಅದರ ಕಂಡಕ್ಟರ್ ನಮ್ಮ ಸಭೆಯಲ್ಲೇ ಇದ್ದ. ಅವನು ಕೂಗುತ್ತಾ ಓಡಿದ, ಹಿಂದಿನಿಂದ ಜೀಪಿನವನು ಓಡಿದ. ಪೇಟೆಯ ಕೊನೆಯಲ್ಲಿ ಬಸ್ಸು ಸಿಕ್ಕಿತಂತೆ. ಗಾರ್ಡ್ ಇಲ್ಲದೆ ಗಾಡಿ ಹೋದರೆ ಏನಾಗುತ್ತದೆ ಎಂದು ಇದಕ್ಕಿಂತ ಚೆನ್ನಾಗಿ ತಿಳಿಸಲು ನಮ್ಮಲ್ಲಿ ಯಾರಿಂದಲೂ ಆಗುತ್ತಿರಲಿಲ್ಲ.

ಮನೆಗೆ ಹಿಂತಿರುಗುವಾಗ ಅಪ್ಪಯ್ಯ ಜೀಪು ಓಡಿಸುತ್ತಾ ಹೇಳಿದರು. "ರೈಲಿನ ವಿಷಯ ನೀನು ಹೇಳುದು ಇರಬಹುದು. ಕಾಫಿ ವಿಷಯ ನಾನು ಹೇಳುದೇ ಸರಿ."

"ಆಯ್ತು ಅಪ್ಪಯ್ಯ" ಎಂದೆ.

ಅತಿಥಿಗಳು ಹೋದರು. ಕೊಯ್ಲು ಮುಗಿದು, ಹೂಮಳೆಯೂ ಆಗಿ ತೋಟಗಳೆಲ್ಲ ಕಾಫಿ ಹೂವಿನಿಂದ ಬೆಳ್ಳಗಾದ ಮೇಲೆ ಆ ಒಂದೇ ದಿನದ ಕಾರ್ಯಕ್ರಮ ಬಂತು. ಕಡೂರಿನಲ್ಲಿ ನಾವು ಯಾವ ರೈಲನ್ನೂ ನಿಲ್ಲಿಸುವಂತಿರಲಿಲ್ಲ. ಕೆಲಸವಿಲ್ಲದ ಹೊತ್ತಿನಲ್ಲಿ ಬ್ಯಾಡ್ಜ್ ಹಾಕಿಕೊಂಡು ಸ್ಟೇಷನ್ ಎದುರು ಸೇರುವುದು, ಮಾತಾಡುವುದು, ಒಂದು ಫೋಟೋ ತೆಗೆದು ಬೇರೆ ದೇಶದವರಿಗೆ ಕಳಿಸುವುದು, ಅಷ್ಟೇ. ನಮ್ಮ ಕಾರ್ಯದರ್ಶಿಗೆ ಜನ ಕಡಿಮೆಯಾದರೆ ಎಂಬ ಚಿಂತೆ. "ಫೋಟೋದಲ್ಲಿ ಸ್ವಲ್ಪ ಬಿಟ್ಟು ಬಿಟ್ಟು ನಿಲ್ಲೋಣ" ಎಂದಿದ್ದರು. ಮೂಡಿಗೆರೆಯ ಕಂಡಕ್ಟರನಿಗೆ ನಾನು ಫೋನಿನಲ್ಲಿ ಸುಮ್ಮನೆ ತಿಳಿಸಿದ್ದೆ. ಆಗಲಿ ಅಕ್ಕ ಎಂದಿದ್ದನೇ ಹೊರತು ಬರುತ್ತೇನೆ ಎಂದಿರಲಿಲ್ಲ.

ಮಧ್ಯಾಹ್ನ ನಾವು ಗೇಟಿನ ಮುಂದೆ ಬಿಟ್ಟು ಬಿಟ್ಟು ನಿಂತಿರುವಾಗ ಒಂದು ಬಸ್ಸು ಹಾರ್ನ್ ಮಾಡುತ್ತಾ ಬಂತು. ನಾನು ದಿನವೂ ಹತ್ತಿ ಬೆಳೆದ ಮೂಡಿಗೆರೆಯ ಬಸ್ಸು. ಮುಂದಿನ ಗಾಜಿನ ಕೆಳಗೆ ಬಟ್ಟೆಯ ಬ್ಯಾನರ್: ರೈಲು ಖಾಸಗಿಯವರಿಗೆ ಬೇಡ. ಮೇಲೆ ಬಸ್ಸಿನ ಹೆಸರು, ಅದರ ಮಾಲೀಕರ ಹೆಸರು ಎಂದಿನಂತೆ ದೊಡ್ಡದಾಗಿ ಹೊಳೆಯುತ್ತಿತ್ತು. ಒಳಗೆ ಗ್ಯಾರೇಜಿನ ಸಭೆಯವರು, ಅವರ ಹೆಂಗಸರು, ಸ್ಕೂಲು ಮಕ್ಕಳು, ನಮ್ಮ ತೋಟದ ಲೈನ್ ಮನೆಗಳ ಕೆಲವರು. ಡ್ರೈವರ್ ಪಕ್ಕದ ಸೀಟಿನಲ್ಲಿ ಅಪ್ಪಯ್ಯ, ಕಾಲ ಬಳಿ ಕಾಫಿಯ ದೊಡ್ಡ ಕ್ಯಾನು.

ಕಾರ್ಯದರ್ಶಿ ನನ್ನ ಕಿವಿಯಲ್ಲಿ, "ಇದು ಪ್ರೈವೇಟ್ ಬಸ್ ಅಲ್ವೇನಮ್ಮ?" ಎಂದರು.

"ಹೌದು ಸರ್" ಎಂದೆ.

ಬಸ್ಸಿನ ಮಾಲೀಕರೂ ಬಂದಿದ್ದರು. ಬಿಳಿ ಪಂಚೆಯ, ಮೆಲ್ಲಗೆ ನಡೆಯುವ ಹಿರಿಯರು. ಕಾರ್ಯದರ್ಶಿ ಅವರಿಗೆ ಕೈ ಮುಗಿದು, ನೀವು ಈ ಕೆಲಸಕ್ಕೆ ಬಸ್ಸು ಕೊಟ್ಟಿದ್ದು ದೊಡ್ಡ ಮನಸ್ಸು ಎಂದರು.

ಮಾಲೀಕರು ಸಮಾಧಾನವಾಗಿ ಹೇಳಿದರು. "ಅದರಲ್ಲಿ ಎಂತ ಇಲ್ಲ. ನಮ್ಮ ಕಡೆಗೆ ರೈಲು ಬರುದಾದ್ರೆ ಸರ್ಕಾರದ್ದೇ ಬರಲಿ. ನಿಧಾನ ಬರ್ತದೆ. ನನ್ನ ಮಕ್ಕಳ ಕಾಲದವರೆಗೆ ಬಸ್ಸು ಓಡ್ತದೆ."

ಭಾಷಣಗಳಾದವು. ನಮ್ಮವರು ರೈಲು ಜನರ ಆಸ್ತಿ ಎಂದು ಕೂಗಿದರು. ಮೂಡಿಗೆರೆಯವರು ಒಂದೆರಡು ಸಲ ಜೊತೆಗೆ ಕೂಗಿ, ಆಮೇಲೆ ತಾವೇ ಚಿಕ್ಕಮಗಳೂರಿಗೆ ರೈಲು ಬೇಕು ಎಂದು ಶುರು ಮಾಡಿದರು. ಬಸ್ ಮಾಲೀಕರು ಅದನ್ನು ಮಾತ್ರ ಕೂಗಲಿಲ್ಲ. ಕಾರ್ಯದರ್ಶಿ ಮೊದಲು ಕೈ ಅಡ್ಡ ಮಾಡಿದರು, ಆಮೇಲೆ ಯೋಚಿಸಿ ತಾವೂ ಕೂಗಿದರು. ಫೋಟೋಗೆ ಯಾರೂ ಬಿಟ್ಟು ಬಿಟ್ಟು ನಿಲ್ಲಬೇಕಾಗಲಿಲ್ಲ. ಎಲ್ಲರನ್ನೂ ಸೇರಿಸಲು ಫೋಟೋದವನು ರಸ್ತೆಯ ಆಚೆಗೆ ಹೋಗಬೇಕಾಯಿತು.

ಕಾಫಿ ಕುಡಿಯುವಾಗ ಲೈನಿನ ಒಬ್ಬ ಹೆಂಗಸು ಹಳಿಗಳನ್ನೇ ನೋಡುತ್ತಾ ಕೇಳಿದಳು. "ಅಮ್ಮ, ಇದ್ರಲ್ಲಿ ಕೂರ್ಲಿಕ್ಕೆ ನಮ್ಗೆ ಆಗ್ತದಾ?"

ವಿಚಾರಿಸಿದರೆ ಬಸ್ಸಿನಲ್ಲಿ ಬಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ರೈಲು ಹತ್ತಿಯೇ ಇರಲಿಲ್ಲ. ಪಕ್ಕದ ಸ್ಟೇಷನ್ ಬೀರೂರು, ಕೂತು ಎದ್ದರೆ ಬರುತ್ತದೆ. ಪ್ಯಾಸೆಂಜರ್ ಬರುವ ಹೊತ್ತೂ ಆಗಿತ್ತು. ನಾನು ಒಳಗೆ ಹೋಗಿ, ಎರಡು ರೈಲುಗಳ ನಡುವೆ ಮುಚ್ಚಿದ್ದ ಕಿಟಕಿ ತೆರೆದು ಎಲ್ಲರಿಗೂ ಬೀರೂರಿನ ಟಿಕೆಟ್ ಕೊಟ್ಟೆ. ಬಸ್ಸು ರಸ್ತೆಯಲ್ಲಿ ಬೀರೂರಿಗೆ ಬಂದು ಕರೆದುಕೊಂಡು ಹೋಗುವುದೆಂದಾಯಿತು. ಅಷ್ಟರಲ್ಲಿ ಮುಂದಿನ ಪಾಳಿಯ ಕ್ಲರ್ಕ್ ಬಂದದ್ದರಿಂದ ನಾನೂ ಹತ್ತಿದೆ.

ಅಪ್ಪಯ್ಯ ಕಿಟಕಿಯ ಪಕ್ಕ ಕೂತು ಟಿಕೆಟನ್ನು ತಿರುಗಿಸಿ ನೋಡಿದರು. "ಇಷ್ಟು ಕಮ್ಮಿಗೆ ಹೇಗೆ ಓಡಿಸ್ತಾರೆ ಮಗಾ?" ಎಂದರು. ಮಕ್ಕಳು ಒಂದು ಕಿಟಕಿಯಿಂದ ಇನ್ನೊಂದಕ್ಕೆ ಓಡಿದರು. ಆ ಹೆಂಗಸು ಕೈಯನ್ನು ಸೀಟಿನ ಮೇಲೆ ಒತ್ತಿ ಹಿಡಿದು, ರೈಲು ಹೊರಟದ್ದು ಗೊತ್ತಾದ ಮೇಲೆ ಮೆಲ್ಲಗೆ ಬಿಟ್ಟಳು. ಬೀರೂರು ಇನ್ನೇನು ಬಂತು ಎನ್ನುವಾಗ ಎದುರಿನ ಗಾಡಿಗೆ ದಾರಿ ಬಿಡಲು ನಮ್ಮ ರೈಲು ಸಿಗ್ನಲ್ಲಿನಲ್ಲಿ ನಿಂತಿತು. ನಿಂತೇ ಇತ್ತು. ಹೊಸ ಪ್ರಯಾಣಿಕರಿಗೆ ಬೇಸರವೇನೂ ಇರಲಿಲ್ಲ, ಟಿಕೆಟ್ಟಿನ ದುಡ್ಡಿಗೆ ಇನ್ನೂ ಸ್ವಲ್ಪ ಹೊತ್ತು ಕೂರಬಹುದಲ್ಲ ಎಂದರು.

ಬೀರೂರಿನಲ್ಲಿ ಇಳಿದಾಗ ಕಂಡಕ್ಟರ್ ಪ್ಲಾಟ್‌ಫಾರ್ಮಿನಲ್ಲೇ ನಿಂತಿದ್ದ. "ನಾವು ಬಂದು, ಟೀ ಕುಡ್ದು, ಟೈರಿಗೆ ಗಾಳಿನೂ ಹಾಕಿಸಿ ಆಯ್ತು ಅಕ್ಕ" ಎಂದ. ಮಾಲೀಕರ ಮುಖದಲ್ಲಿ ಆ ದಿನ ಕಂಡಷ್ಟು ಸಂತೋಷವನ್ನು ನಾನು ಮತ್ತೆಂದೂ ನೋಡಲಿಲ್ಲ.

ಮುಂದೆ ಎಲ್ಲವೂ ನಾವು ಕೂಗಿದ ಹಾಗೆ ಆಗಲಿಲ್ಲ. ನಮ್ಮಲ್ಲಿ ಒಂದೊಂದೇ ಕೆಲಸ ಗುತ್ತಿಗೆಗೆ ಹೋಯಿತು. ಆದರೆ ರೈಲನ್ನೇ ಬಿಡಿ ಬಿಡಿ ಮಾಡಿ ಹಂಚುವ ಮಾತು ಆ ವರ್ಷಗಳಲ್ಲಿ ಮುಂದಕ್ಕೆ ಹೋಗಲಿಲ್ಲ. ಗಾರ್ಡಮ್ಮ ತಮ್ಮ ಮಾರ್ಗದಲ್ಲಿ ಗಾರ್ಡ್ ಆಗಿಯೇ ನಿವೃತ್ತರಾದರು. ಜಪಾನಿನವರ ಜಗಳ ಇನ್ನೂ ಬಹಳ ವರ್ಷ ನಡೆಯಿತು. ನಮ್ಮ ಫೋಟೋವನ್ನು ತಮ್ಮ ಕಚೇರಿಯ ಗೋಡೆಗೆ ಹಾಕಿದ್ದಾರೆಂದು ಬರೆದಿದ್ದರು. ಎರಡು ಮೂರು ವರ್ಷಗಳಲ್ಲಿ ಕಾಫಿ ಬೆಲೆ ಬಿತ್ತು, ಅಪ್ಪಯ್ಯ ಜೀಪು ಮಾರಿ ಬಸ್ಸಿನಲ್ಲಿ ಓಡಾಡಿದರು. ಆಗಲೂ ಹಳೆಯ ಪೂಲೇ ಚೆನ್ನಾಗಿತ್ತು ಎಂದು ಅವರು ಹೇಳಲಿಲ್ಲ. ಸರ್ಕಾರ ಒಂದು ಕಣ್ಣು ಇಟ್ಟಿರಬೇಕಿತ್ತು ಎನ್ನುವವರೆಗೆ ಮಾತ್ರ ಬಂದರು.

ಕಂಡಕ್ಟರ್ ಸುಮ್ಮನೆ ಕೂರಲಿಲ್ಲ. ಬಸ್ಸುಗಳ ಡ್ರೈವರ್, ಕಂಡಕ್ಟರುಗಳದೇ ಒಂದು ಸಂಘ ಮಾಡಬೇಕೆಂದು ನನ್ನ ಬಳಿ ಬಂದು ನಮ್ಮ ಯೂನಿಯನ್ನಿನ ನಿಯಮಗಳನ್ನೆಲ್ಲ ಕೇಳಿಕೊಂಡು ಹೋದ. ಅವರ ಮೊದಲ ಸಭೆಗೆ ನಾನೇ ಅತಿಥಿ. ವಾರದ ರಜೆಯ ಬಗ್ಗೆ ನಾನು ಮಾತಾಡುತ್ತಿರುವಾಗ ಹಿಂದಿನ ಬಾಗಿಲಲ್ಲಿ ಬಿಳಿ ಪಂಚೆ ಕಂಡಿತು. ಮಾಲೀಕರು ಬಂದು, ಗೋಡೆಗೆ ಒರಗಿ ಕೇಳುತ್ತಾ ನಿಂತಿದ್ದರು. ಎಲ್ಲರ ತಲೆಗಳೂ ಅತ್ತ ತಿರುಗಿದವು. ನಾನು ಮಾತು ನಿಲ್ಲಿಸಿದೆ.

ಕಂಡಕ್ಟರ್ ಎದ್ದು ನೋಡಿ, "ಧಣಿಗಳಿಗೆ ಒಂದು ಕುರ್ಚಿ ಹಾಕ್ರೋ" ಎಂದ. ಆಮೇಲೆ ನನ್ನ ಕಡೆ ತಿರುಗಿ, "ನೀವು ಮುಂದುವರ್ಸಿ ಅಕ್ಕ. ಅವ್ರಿಗೂ ಗೊತ್ತಾಗಲಿ" ಎಂದ.